ಒಂಬತ್ತನೇ ಪಾಠ

ಏಪ್ರಿಲ್ 24, 2023, ಸೋಮವಾರ. ಹೊರನಾಡು

ಶನಿವಾರ ಅಕ್ಷಯ ತದಿಗೆ. ಮೂರು ದಿನದ ಗಲಾಟೆಯಲ್ಲಿ ಪೇಪರ್ ನೋಡಿರಲಿಲ್ಲ. ಇವತ್ತು ಎಲ್ಲ ಒಟ್ಟಿಗೆ ಹರಡಿಕೊಂಡು ಕೂತೆ. ದೇಶದ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಸಹಿ ಹಾಕಿದ ಬಹಿರಂಗ ಪತ್ರದ ಸುದ್ದಿ ಇದೆ. ಬ್ರೇಕ್‌ಥ್ರೂ ಸೈನ್ಸ್ ಸೊಸೈಟಿಯವರು ಹೊರಡಿಸಿದ್ದು. ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ತೆಗೆದದ್ದು ತಪ್ಪು, ಅದನ್ನು ಮತ್ತೆ ಸೇರಿಸಿ ಎಂಬ ಬೇಡಿಕೆ.

ಮೊಮ್ಮಗಳು ರಜೆಗೆ ಬಂದಿದ್ದಾಳೆ. ಚಿಕ್ಕಮಗಳೂರಿನ ಸಿಬಿಎಸ್‌ಇ ಶಾಲೆಯಲ್ಲಿ ಈ ವರ್ಷ ಹತ್ತನೇ ಕ್ಲಾಸು. ಅವಳ ಹೊಸ ಪುಸ್ತಕ ತರಿಸಿಕೊಂಡು, ಕಪಾಟಿನಲ್ಲಿದ್ದ ನನ್ನ ಹಳೆಯ ಪ್ರತಿಯ ಪಕ್ಕದಲ್ಲಿಟ್ಟು ಹಾಳೆ ತಿರುವಿದೆ. ಹಳೆಯದರಲ್ಲಿ ಒಂಬತ್ತನೇ ಪಾಠ ‘ಅನುವಂಶೀಯತೆ ಮತ್ತು ಜೀವವಿಕಾಸ’. ಹೊಸದರಲ್ಲಿ ಅದು ಎಂಟನೇ ಪಾಠ, ಹೆಸರು ಬರೀ ‘ಅನುವಂಶೀಯತೆ’. (ಧಾತುಗಳ ಆವರ್ತ ವರ್ಗೀಕರಣವೂ ಹೋಗಿದೆ. ಹಾಗಾಗಿ ಸಂಖ್ಯೆಯೂ ಹಿಂದಕ್ಕೆ ಸರಿದಿದೆ.) ಮೆಂಡಲನ ಬಟಾಣಿ ಇದೆ, ಗಂಡುಮಗು ಹೆಣ್ಣುಮಗು ಹೇಗೆ ನಿರ್ಧಾರವಾಗುತ್ತದೆ ಎಂಬುದಿದೆ. ಅಲ್ಲಿಗೆ ಪಾಠ ಮುಗಿಯಿತು. ಪಳೆಯುಳಿಕೆ ಇಲ್ಲ, ಡಾರ್ವಿನ್ ಇಲ್ಲ, ಮನುಷ್ಯನ ವಿಕಾಸ ಇಲ್ಲ. ಪೊದೆಯಲ್ಲಿದ್ದ ಕೆಂಪು ಜೀರುಂಡೆಗಳ ಕತೆಯೂ ಇಲ್ಲ.

ಆ ಜೀರುಂಡೆಗಳಿಗಾಗಿ ನನಗೆ ನಿಜವಾಗಿ ಸಂಕಟವಾಯಿತು. ಹಸಿರು ಪೊದೆಯಲ್ಲಿ ಕೆಂಪು ಜೀರುಂಡೆಗಳು. ಕಾಗೆ ಹೆಕ್ಕಿ ತಿನ್ನುತ್ತದೆ. ಅವುಗಳಲ್ಲಿ ಆಕಸ್ಮಿಕವಾಗಿ ಒಂದು ಹಸಿರು ಮರಿ ಹುಟ್ಟುತ್ತದೆ, ಕಾಗೆಯ ಕಣ್ಣಿಗೆ ಬೀಳುವುದಿಲ್ಲ, ಅದರ ಸಂತತಿ ಹೆಚ್ಚುತ್ತದೆ. ಇನ್ನೊಂದು ಸಲ ನೀಲಿ ಮರಿ ಹುಟ್ಟುತ್ತದೆ. ಹಸಿರೆಲೆಯ ಮೇಲೆ ಕೆಂಪಿನಷ್ಟೇ ಎದ್ದು ಕಾಣುವ ಆ ನೀಲಿಗೆ ಕಾಗೆಯಿಂದ ರಕ್ಷಣೆಯೇನೂ ಇಲ್ಲ. ಆದರೆ ಆನೆಯೊಂದು ಪೊದೆ ತುಳಿದು ಹೋಗಿ, ಉಳಿದ ನಾಲ್ಕಾರರಲ್ಲಿ ನೀಲಿಯವೇ ಹೆಚ್ಚಾದರೆ, ಮುಂದೆ ಎಲ್ಲ ನೀಲಿಯೇ. ಆಯ್ಕೆ ಬೇರೆ, ಅದೃಷ್ಟ ಬೇರೆ ಎನ್ನುವುದನ್ನು ಹದಿನೈದು ವರ್ಷದ ಮಕ್ಕಳಿಗೆ ಅಷ್ಟು ಸುಲಭವಾಗಿ ಹೇಳಿದ ಇನ್ನೊಂದು ಪುಟವನ್ನು ನಾನು ನೋಡಿಲ್ಲ. ಮೂಡಿಗೆರೆ ಕಡೆಯ ಮಕ್ಕಳಿಗೆ ಆನೆ ಪೊದೆ ತುಳಿಯುವುದನ್ನು ವಿವರಿಸುವ ಕಷ್ಟವೂ ಇರಲಿಲ್ಲ.

ಏಪ್ರಿಲ್ 26, ಬುಧವಾರ

ಎನ್‌ಸಿಇಆರ್‌ಟಿಯವರ ಸಮಜಾಯಿಷಿ ಓದಿದೆ. ಕೊರೊನಾ ಕಾಲದಲ್ಲಿ ಮಕ್ಕಳ ಹೊರೆ ಇಳಿಸಲು ಪಾಠ ಕಡಿಮೆ ಮಾಡಿದ್ದು, ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ವಿಕಾಸದ ಅಧ್ಯಾಯ ಪೂರ್ತಿಯಾಗಿ ಇದೆಯಲ್ಲ ಎನ್ನುತ್ತಾರೆ.

ಇದೆ, ನಿಜ. ಯಾರಿಗೆ ಇದೆ ಎನ್ನುವುದು ನನ್ನ ಪ್ರಶ್ನೆ. ಹತ್ತನೇ ತರಗತಿಯವರೆಗೆ ಮಾತ್ರ ಎಲ್ಲ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತು ವಿಜ್ಞಾನ ಕಲಿಯುತ್ತಾರೆ. ಆಮೇಲೆ ದಾರಿ ಕವಲೊಡೆಯುತ್ತದೆ. ಕಲಾ ವಿಭಾಗಕ್ಕೆ, ವಾಣಿಜ್ಯಕ್ಕೆ ಹೋದವರಿಗೆ ಜೀವಶಾಸ್ತ್ರ ಇಲ್ಲ. ಐಟಿಐಗೆ, ಡಿಪ್ಲೊಮಾಕ್ಕೆ ಹೋದವರಿಗೆ ಇಲ್ಲ. ವಿಜ್ಞಾನ ತೆಗೆದುಕೊಂಡೂ ಪಿಸಿಎಂಸಿ ಆರಿಸಿಕೊಂಡವರಿಗೆ ಇಲ್ಲ. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿ ತೋಟಕ್ಕೆ, ಗ್ಯಾರೇಜಿಗೆ, ಬೆಂಗಳೂರಿನ ಹೋಟೆಲಿಗೆ ಹೋಗುವ ನಮ್ಮ ಕಳಸದ ಹುಡುಗರಿಗಂತೂ ಇಲ್ಲವೇ ಇಲ್ಲ. ನಾಳೆ ಇವರೇ ಪಂಚಾಯ್ತಿ ನಡೆಸುವವರು, ಮದ್ದು ಹೊಡೆಸುವವರು, ಮಕ್ಕಳಿಗೆ ಲಸಿಕೆ ಹಾಕಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು.

ಮೊಮ್ಮಗಳನ್ನೇ ತೆಗೆದುಕೊಂಡರೆ, ಅವಳಿಗೆ ಕಾಮರ್ಸ್ ಬೇಕು, ಸಿಎ ಮಾಡಬೇಕು. ಒಳ್ಳೆಯದೇ. ಆದರೆ ಈ ವರ್ಷ ತಪ್ಪಿದರೆ, ಜೀವಲೋಕ ಹೀಗೇಕೆ ಇದೆ ಎಂಬುದಕ್ಕೆ ಮನುಷ್ಯ ಕಂಡುಕೊಂಡ ಅತ್ಯುತ್ತಮ ಉತ್ತರವನ್ನು ಯಾವ ಶಿಕ್ಷಕರೂ ಅವಳ ಮುಂದೆ ಇಡುವುದಿಲ್ಲ.

ಕೊರೊನಾ ನೆಪವಂತೂ ನನಗೆ ಗಂಟಲಲ್ಲಿ ಇಳಿಯುತ್ತಿಲ್ಲ. ಡೆಲ್ಟಾ, ಒಮಿಕ್ರಾನ್ ಎಂಬ ಹೆಸರುಗಳು ಎರಡು ವರ್ಷ ಪ್ರತಿ ಮನೆಯ ಜಗಲಿಯಲ್ಲೂ ಕೇಳಿದವು. ವೈರಸ್ ನಕಲಾಗುವಾಗ ಬದಲಾವಣೆ ಆಗುತ್ತದೆ, ಹೆಚ್ಚು ಹರಡುವ ರೂಪ ಉಳಿದದ್ದನ್ನು ಹಿಂದಿಕ್ಕುತ್ತದೆ. ಇದು ಜೀವವಿಕಾಸವಲ್ಲದೆ ಮತ್ತೇನು? ಅದನ್ನು ಹೆಚ್ಚು ಹೇಳಿಕೊಡಬೇಕಾಗಿದ್ದ ಹೊತ್ತಿನಲ್ಲಿ ಅದನ್ನೇ ಕತ್ತರಿಸಿದರು.

ಮೇ 2, ಮಂಗಳವಾರ

ಸಂಜೆ ಪಕ್ಕದ ಮನೆಯ ಭಟ್ಟರು ಬಂದಿದ್ದರು. ನನಗಿಂತ ಹಿರಿಯರು, ವೇದ ಓದಿದವರು, ಅಡಿಕೆ ಕೃಷಿಯಲ್ಲೂ ಪಳಗಿದ ಕೈ. ಪುಸ್ತಕದ ಸುದ್ದಿ ತೆಗೆದೆ.

“ಹೋದರೆ ಹೋಯಿತು ಮೇಷ್ಟ್ರೇ. ನಮ್ಮಲ್ಲಿ ದಶಾವತಾರ ಇಲ್ಲವಾ? ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ವಾಮನ. ನೀರಿಂದ ನೆಲಕ್ಕೆ, ಪ್ರಾಣಿಯಿಂದ ಮನುಷ್ಯನಿಗೆ. ಇವರು 1859ರಲ್ಲಿ ಬರೆದದ್ದನ್ನು ನಮ್ಮವರು ಎಷ್ಟು ಹಿಂದೆ ಹೇಳಿದ್ದು!”

ಈ ಮಾತು ಹೊಸದಲ್ಲ. ವಿಜ್ಞಾನಿಗಳ ಸಭೆಯಲ್ಲೇ ಹೇಳಿದವರಿದ್ದಾರೆ. 2019ರ ಜನವರಿಯಲ್ಲಿ ಜಲಂಧರದಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್‌ನಲ್ಲಿ ಆಂಧ್ರ ವಿಶ್ವವಿದ್ಯಾಲಯದ ಕುಲಪತಿಗಳು ಡಾರ್ವಿನ್ನನ ಸಿದ್ಧಾಂತಕ್ಕಿಂತ ದಶಾವತಾರವೇ ಮೇಲು ಎಂದಿದ್ದರು. ಅದಕ್ಕೂ ಒಂದು ವರ್ಷ ಹಿಂದೆ, 2018ರ ಜನವರಿಯಲ್ಲಿ, ಕೇಂದ್ರದ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಅವರು ಡಾರ್ವಿನ್ನನ ಸಿದ್ಧಾಂತ ವೈಜ್ಞಾನಿಕವಾಗಿ ತಪ್ಪು, ಮಂಗ ಮನುಷ್ಯನಾದದ್ದನ್ನು ನಮ್ಮ ಪೂರ್ವಜರು ಯಾರೂ ಕಂಡಿಲ್ಲ, ಶಾಲೆಯ ಪಠ್ಯ ಬದಲಾಗಬೇಕು ಎಂದಿದ್ದರು. ಆಗ ಬೆಂಗಳೂರು, ದೆಹಲಿ, ಅಲಹಾಬಾದಿನ ಮೂರೂ ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಹೇಳಿಕೆ ಕೊಟ್ಟವು. ಅವರದೇ ಹಿರಿಯ ಸಚಿವ ಪ್ರಕಾಶ್ ಜಾವಡೇಕರ್ ಅಂಥ ಮಾತು ಬೇಡ ಎಂದು ತಡೆದರು. ಆ ದಿನ ನನಗೆ ಧೈರ್ಯ ಬಂದಿತ್ತು.

ಭಟ್ಟರಿಗೆ ನಾನು ಹೇಳಿದ್ದಿಷ್ಟು. ಅವತಾರದಲ್ಲಿ ಭಗವಂತ ಕಾರಣವಿಟ್ಟುಕೊಂಡು ಇಳಿದು ಬರುತ್ತಾನೆ. ಭೂಮಿಯನ್ನು ಎತ್ತಬೇಕು, ಪ್ರಹ್ಲಾದನನ್ನು ಕಾಯಬೇಕು. ವರಾಹನ ಹೊಟ್ಟೆಯಲ್ಲಿ ನರಸಿಂಹ ಹುಟ್ಟಿದ ಎಂದು ಯಾವ ಪುರಾಣವೂ ಹೇಳುವುದಿಲ್ಲ. ಡಾರ್ವಿನ್ ಹೇಳುವುದರಲ್ಲಿ ಇಳಿದು ಬರುವವರಿಲ್ಲ, ಏರಬೇಕಾದ ಮೆಟ್ಟಿಲೂ ಇಲ್ಲ. ಒಂದೇ ಬುಡದಿಂದ ಕವಲೊಡೆದ ಸಂತಾನ, ಅಷ್ಟೇ. ಮೀನು ಇವತ್ತಿಗೂ ಮೀನಾಗಿ ಸುಖವಾಗಿದೆ, ಅದು ಆಮೆಯಾಗಲು ಕಾಯುತ್ತಿಲ್ಲ. ಎರಡನ್ನೂ ಒಂದೇ ಎಂದರೆ ಪುರಾಣಕ್ಕೂ ಅನ್ಯಾಯ, ವಿಜ್ಞಾನಕ್ಕೂ ಅನ್ಯಾಯ.

ಭಟ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅವತಾರ ಅಂದರೆ ಇಳಿದು ಬರುವುದೇ ಹೌದು. ಆದರೆ ಮಕ್ಕಳಿಗೆ ಮಂಗನಿಂದ ಮನುಷ್ಯ ಅಂತ ಹೇಳಿದರೆ ದೇವರಲ್ಲಿ ಭಕ್ತಿ ಉಳಿಯುತ್ತದಾ?” ಎಂದರು. ಇದು ಪ್ರಾಮಾಣಿಕವಾದ ಭಯ, ಹಗುರ ಮಾಡಬಾರದು. ಬೆಳಿಗ್ಗೆ ಅಮ್ಮನವರಿಗೆ ಕೈ ಮುಗಿದು, ಹತ್ತು ಗಂಟೆಗೆ ತರಗತಿಯಲ್ಲಿ ಡಾರ್ವಿನ್ ಪಾಠ ಮಾಡಿ, ಮಧ್ಯಾಹ್ನ ಅದೇ ಅಮ್ಮನ ಪ್ರಸಾದ ಉಂಡವನು ನಾನು. ಅನ್ನಪೂರ್ಣೆಯ ಪಂಕ್ತಿಯಲ್ಲಿ ಯಾವ ಊರು, ಯಾವ ಜಾತಿ ಎಂದು ಕೇಳದೆ ಬಡಿಸುತ್ತಾರೆ. ಎಲ್ಲ ಜೀವಿಗಳೂ ಒಂದೇ ಬುಡದವು ಎಂಬ ಪಾಠ ಆ ಪಂಕ್ತಿಯ ವಿರುದ್ಧ ಹೋಗುತ್ತದೆ ಎಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ಭಟ್ಟರಿಗೆ ಇದನ್ನೇ ಹೇಳಿದೆ. ಒಪ್ಪಿದರೋ ಇಲ್ಲವೋ, ಕಾಫಿ ಕುಡಿದು, “ನಾಳೆ ಬರ್ತೇನೆ” ಎಂದು ಹೋದರು.

ಮೇ 11, ಗುರುವಾರ

ನಿನ್ನೆ ಮತದಾನ. ತಿಂಗಳಿಡೀ ಮೈಕಿನ ಭಾಷಣ. ಪಠ್ಯಪುಸ್ತಕದ ಮಾತು ಅಲ್ಲಲ್ಲಿ ಬಂತು, ಇತಿಹಾಸದಲ್ಲಿ ಯಾರು ಇರಬೇಕು, ಯಾರು ಇರಬಾರದು ಎಂಬುದರ ಬಗ್ಗೆ. ವಿಜ್ಞಾನದ ಪಾಠದ ಬಗ್ಗೆ ಒಬ್ಬರ ಬಾಯಿಂದಲೂ ಒಂದು ಮಾತು ನನ್ನ ಕಿವಿಗೆ ಬೀಳಲಿಲ್ಲ.

ಮೇ 17, ಬುಧವಾರ

ಇವತ್ತು ಮೇಲಿನ ತಾಕಿನ ಅರೇಬಿಕಾ ಕಾಫಿಗೆ ಬೋರ್ಡೋ ದ್ರಾವಣ ಹೊಡೆಸಿದೆ. ಮಳೆಗೆ ಮೊದಲು ಒಂದು ಸುತ್ತು ಆಗಲೇಬೇಕು. ಮೊಮ್ಮಗಳು ಡ್ರಮ್ಮಿನ ಹತ್ತಿರ ನಿಂತು ಮೈಲುತುತ್ತ, ಸುಣ್ಣ ಕದಡುವುದನ್ನು ನೋಡುತ್ತಿದ್ದಳು. “ಇದು ಯಾಕಜ್ಜ ಪ್ರತಿ ವರ್ಷ? ರೋಗ ಬಾರದ ಗಿಡ ಹಾಕಬಹುದಲ್ಲ?”

ಇದಕ್ಕಿಂತ ಒಳ್ಳೆಯ ಪ್ರಶ್ನೆ ಪುಸ್ತಕ ಬರೆಯುವವರಿಗೂ ಹೊಳೆಯುತ್ತಿರಲಿಲ್ಲ. ಮದ್ದು ಹೊಡೆಯುವುದನ್ನು ಆಳುಗಳಿಗೆ ಬಿಟ್ಟು, ಎಲೆತುಕ್ಕು ಹಿಡಿದ ಒಂದು ಎಲೆ ಕಿತ್ತು ಅಡಿಮೇಲು ಮಾಡಿ ತೋರಿಸಿದೆ. ಕಿತ್ತಳೆ ಬಣ್ಣದ ಪುಡಿ ಬೆರಳಿಗೆ ಅಂಟಿತು. ಆ ಪುಡಿಯಲ್ಲಿ ಲಕ್ಷಗಟ್ಟಲೆ ಬೀಜಕಣ. ಇದೇ ಶಿಲೀಂಧ್ರ 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು, ಅಲ್ಲಿನ ಕಾಫಿಯನ್ನೇ ಮುಗಿಸಿ ಚಹಾಕ್ಕೆ ದಾರಿ ಮಾಡಿತು. ಸ್ವಲ್ಪ ಕಾಲದಲ್ಲೇ ನಮ್ಮ ಘಟ್ಟಕ್ಕೂ ಬಂತು.

1911ರಲ್ಲಿ ಮೈಸೂರು ಸೀಮೆಯ ತೋಟವೊಂದರಲ್ಲಿ ಕೆಂಟ್ ಎಂಬ ಪ್ಲಾಂಟರ್‌ಗೆ ತುಕ್ಕು ತಗುಲದ ಒಂದು ಗಿಡ ಸಿಕ್ಕಿತು. ಅದರ ಬೀಜ ಎಲ್ಲ ಕಡೆ ಹೋಯಿತು, ‘ಕೆಂಟ್ಸ್’ ಎಂದು ಹೆಸರಾಯಿತು. ಕೆಲವು ವರ್ಷ ಎಲ್ಲರೂ ನೆಮ್ಮದಿಯಿಂದ ಇದ್ದರು. ಆಮೇಲೆ ಕೆಂಟ್ಸ್‌ಗೂ ತುಕ್ಕು. ಗಿಡ ಕೆಟ್ಟಿತೋ, ರೋಗ ಬದಲಾಯಿತೋ? 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ತೆರೆದಿತ್ತು. ಅಲ್ಲಿ ವಿಲ್ಸನ್ ಮೇಯ್ನ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಉತ್ತರ ಕಂಡುಹಿಡಿದರು. ತುಕ್ಕು ಒಂದೇ ಅಲ್ಲ, ಅದರಲ್ಲಿ ಬೇರೆ ಬೇರೆ ತಳಿಗಳಿವೆ. ಒಂದು ತಳಿಗೆ ಜಗ್ಗದ ಗಿಡವನ್ನು ಇನ್ನೊಂದು ತಳಿ ತಿನ್ನುತ್ತದೆ. ಕಾಫಿ ತುಕ್ಕಿನ ತಳಿಗಳನ್ನು ಜಗತ್ತಿನಲ್ಲೇ ಮೊದಲು ಬೇರ್ಪಡಿಸಿ ತೋರಿಸಿದ್ದು ನಮ್ಮ ಜಿಲ್ಲೆಯಲ್ಲಿ, ಇಲ್ಲಿಂದ ಒಂದು ಹಗಲಿನಲ್ಲಿ ಹೋಗಿ ಬರಬಹುದಾದ ದೂರದಲ್ಲಿ. ಇವತ್ತು ಗೊತ್ತಿರುವ ತಳಿಗಳು 40ಕ್ಕೂ ಹೆಚ್ಚು.

“ತುಕ್ಕಿಗೆ ಹೇಗೆ ಗೊತ್ತಾಗುತ್ತದೆ, ಈ ಗಿಡಕ್ಕೆ ಹೀಗೆ ನುಗ್ಗಬೇಕು ಅಂತ?”

ಗೊತ್ತಾಗುವುದಿಲ್ಲ ಮಗಾ. ಅದಕ್ಕೆ ತಲೆಯೂ ಇಲ್ಲ, ಗುರಿಯೂ ಇಲ್ಲ. ಲಕ್ಷಗಟ್ಟಲೆ ಕಣಗಳಲ್ಲಿ ಎಲ್ಲೋ ಒಂದು ಸ್ವಲ್ಪ ಬೇರೆಯಾಗಿ ಹುಟ್ಟುತ್ತದೆ. ಸಾಮಾನ್ಯ ಗಿಡದ ಮೇಲೆ ಅದರಿಂದ ಏನೂ ಲಾಭವಿಲ್ಲ. ಆದರೆ ಬೆಟ್ಟದ ತುಂಬ ಕೆಂಟ್ಸ್ ಹಾಕಿದ್ದೇವೆ. ಉಳಿದ ಕಣಗಳೆಲ್ಲ ಅಲ್ಲಿ ಸಾಯುತ್ತವೆ, ಬದುಕುವುದು ಅದೊಂದೇ. ಅದರ ಮಕ್ಕಳು ಮೊಮ್ಮಕ್ಕಳೇ ಮುಂದಿನ ವರ್ಷದ ತುಕ್ಕು. ಆರಿಸಿದ್ದು ನಾವು ನೆಟ್ಟ ಗಿಡ. ಡಾರ್ವಿನ್ ಹೇಳಿದ ನೈಸರ್ಗಿಕ ಆಯ್ಕೆ ಎಂದರೆ ಇಷ್ಟೇ, ಇದಕ್ಕಿಂತ ನಿಗೂಢವಾದದ್ದೇನೂ ಅಲ್ಲ.

1940ರ ದಶಕದಲ್ಲಿ ಕೆಂಟ್ಸ್ ಜೊತೆ ಇನ್ನೊಂದನ್ನು ಕೂಡಿಸಿ ಎಸ್ 795 ಬಂತು. ನನ್ನ ಅಪ್ಪ ಹಾಕಿದ ಗಿಡಗಳು ಅವೇ. ಈಗ ಅದಕ್ಕೂ ತುಕ್ಕು. 1985ರಲ್ಲಿ ‘ಕಾವೇರಿ’ ಬಂತು, ತುಕ್ಕೇ ಬಾರದು ಎಂದು ಎಲ್ಲರೂ ಮುಗಿಬಿದ್ದು ಹಾಕಿದರು. ಅದಕ್ಕೂ ಬಂತು. 2007ರಲ್ಲಿ ‘ಚಂದ್ರಗಿರಿ’. ಪ್ರತಿ ಸಲವೂ ಗಿಡದ ಪೇಟೆ ಬಿಸಿಯಾಗುತ್ತದೆ, ನರ್ಸರಿಯವರು “ರೋಗ ಬರೋದೇ ಇಲ್ಲ ಸ್ವಾಮಿ” ಎನ್ನುತ್ತಾರೆ, ರೈತ ಸಾಲ ಮಾಡಿ ಹಳೆಯ ಗಿಡ ಕೀಳಿಸುತ್ತಾನೆ. ಹತ್ತನೇ ತರಗತಿಯ ಆ ಹಾಳೆಗಳನ್ನು ಓದಿ ಅರ್ಥ ಮಾಡಿಕೊಂಡ ರೈತ ಇಡೀ ಬೆಟ್ಟಕ್ಕೆ ಒಂದೇ ತಳಿ ಹಾಕುವ ಮುಂಚೆ ಎರಡು ಸಲ ಯೋಚಿಸುತ್ತಾನೆ. ಒಂದೇ ಮದ್ದನ್ನು ಸುತ್ತಿ ಸುತ್ತಿ ಹೊಡೆಯುವ ಮುಂಚೆಯೂ ಯೋಚಿಸುತ್ತಾನೆ. (ಬೋರ್ಡೋ ಇಷ್ಟು ವರ್ಷ ಬಾಳಿದ್ದಕ್ಕೂ ಕಾರಣ ಇದೆ. ತಾಮ್ರ ಶಿಲೀಂಧ್ರವನ್ನು ಒಂದೇ ಕಡೆ ಹೊಡೆಯುವುದಿಲ್ಲ, ಹಲವು ಕಡೆ ಒಟ್ಟಿಗೆ ಹೊಡೆಯುತ್ತದೆ. ಒಂದು ಸಣ್ಣ ಬದಲಾವಣೆಯಿಂದ ಅದರಿಂದ ತಪ್ಪಿಸಿಕೊಳ್ಳುವುದು ಕಷ್ಟ.)

ಇನ್ನೊಂದು ವಿಷಯ ಹೇಳಿದಾಗ ಹುಡುಗಿ ಕಣ್ಣರಳಿಸಿದಳು. ಕೆಳಗಿನ ತಾಕಿನಲ್ಲಿರುವ ರೋಬಸ್ಟಾ ಜಾತಿಯೂ ಆಫ್ರಿಕಾದ ಇನ್ನೊಂದು ಕಾಡುಕಾಫಿ ಯೂಜಿನಿಯಾಯ್ಡಿಸ್ ಕೂಡ ಎಷ್ಟೋ ಸಾವಿರ ವರ್ಷಗಳ ಹಿಂದೆ ತಾವಾಗಿಯೇ ಕೂಡಿ ಹುಟ್ಟಿದ್ದು ಅರೇಬಿಕಾ. ಅವೆರಡರಲ್ಲೂ 22 ವರ್ಣತಂತು, ಅರೇಬಿಕಾದಲ್ಲಿ 44. “ಅಂದರೆ ಮೇಲಿನ ತೋಟಕ್ಕೆ ಕೆಳಗಿನ ತೋಟ ಅಪ್ಪನಾ?” ಎಂದಳು. ಹೌದು, ತಂದೆಯ ಕಡೆ. ತಾಯಿ ಯೂಜಿನಿಯಾಯ್ಡಿಸ್. ರಾತ್ರಿ ಊಟಕ್ಕೆ ಕೂತಾಗ ಅಜ್ಜಿಗೆ ಅದನ್ನೇ ವಿವರಿಸುತ್ತಿದ್ದಳು.

ಮೇ 21, ಭಾನುವಾರ

ಬೆಳಿಗ್ಗೆ ಅಡಿಕೆ ತೋಟದಲ್ಲಿ ಹಾರುವ ಓತಿ. ಮರದ ತೊಗಟೆಗೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಗಂಟಲಿನ ಹಳದಿ ಚೀಲ ಹೊರಗೆ ಚಾಚಿದ್ದರಿಂದ ಕಂಡಿತು. ಮೊಮ್ಮಗಳಿಗೆ ತೋರಿಸುವಷ್ಟರಲ್ಲಿ ಪಕ್ಕೆ ಬಿಚ್ಚಿ ಇನ್ನೊಂದು ಮರಕ್ಕೆ ತೇಲಿತು. ಅದಕ್ಕಿರುವುದು ಹಕ್ಕಿಯ ರೆಕ್ಕೆ ಅಲ್ಲ, ಬಾವಲಿಯ ಬೆರಳೂ ಅಲ್ಲ. ಉದ್ದವಾದ ಪಕ್ಕೆಲುಬುಗಳ ಮೇಲೆ ಚರ್ಮ. ಗಾಳಿಯಲ್ಲಿ ತೇಲುವ ಉಪಾಯ ಜೀವಲೋಕದಲ್ಲಿ ಬೇರೆ ಬೇರೆ ಸಲ, ಬೇರೆ ಬೇರೆ ಮೂಳೆಯಿಂದ ಬಂದಿದೆ.

ತೇಜಸ್ವಿಯವರ ‘ಕರ್ವಾಲೊ’ ಕೊಟ್ಟೆ. 1980ರಲ್ಲಿ ಬಂದ ಈ ಕಾದಂಬರಿಯಲ್ಲಿ ಮೂಡಿಗೆರೆಯ ಕಾಡಿನಲ್ಲಿ ಹುಡುಕಿಕೊಂಡು ಹೋಗುವುದು ಇದೇ ಹಾರುವ ಓತಿಯನ್ನು. ವಿಜ್ಞಾನಿಯೊಬ್ಬ, ಹಳ್ಳಿಯ ಮಂದಣ್ಣ, ರೈತ, ನಾಯಿ ಎಲ್ಲ ಸೇರಿ ಜೀವವಿಕಾಸದ ಹಿಂದೆ ಹೊರಟ ಕತೆ ಅದು. ಮುಂದೆ ತೇಜಸ್ವಿ ಮಾನವನ ವಿಕಾಸದ ಬಗ್ಗೆಯೇ ‘ಮಿಸ್ಸಿಂಗ್ ಲಿಂಕ್’ ಎಂಬ ಪುಸ್ತಕ ಬರೆದರು. ನನ್ನ ತರಗತಿಯ ಎಷ್ಟೋ ಮಕ್ಕಳಿಗೆ ಡಾರ್ವಿನ್ ಹತ್ತಿರವಾದದ್ದು ಪಠ್ಯದಿಂದಲ್ಲ, ಮಂದಣ್ಣನಿಂದ. ಕನ್ನಡದ ಮಕ್ಕಳಿಗೆ ಈ ಅದೃಷ್ಟ ಇದೆ. ಆದರೆ ಕಾದಂಬರಿ ಓದುವ ಮಗುವಿಗೆ ಮಾತ್ರ ಸಿಗುವುದು ಎಲ್ಲ ಮಕ್ಕಳಿಗೂ ಸಿಗಲಿ ಎಂದೇ ಅಲ್ಲವೇ ಸರ್ಕಾರಿ ಪಠ್ಯಪುಸ್ತಕ ಇರುವುದು?

ತೇಜಸ್ವಿ ಪ್ರತಿಷ್ಠಾನ ಇರುವ ಕೊಟ್ಟಿಗೆಹಾರದ ಹೆಸರು ಒಂದು ಕಪ್ಪೆಗೂ ಇದೆ, ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ.ಆರ್. ನಾರಾಯಣ ರಾವ್ 1937ರಲ್ಲಿ ಅಲ್ಲಿಂದ ಅದನ್ನು ವರ್ಣಿಸಿದರು. ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು ಅವರೇ. ಹೊಳೆಯ ಸದ್ದಿನಲ್ಲಿ ಕೂಗಿದರೆ ಮಾತ್ರ ಸಾಲದು. ಹಾಗಾಗಿ ಈ ಕುಲದ ಗಂಡು ಕಪ್ಪೆ ಹಿಂಗಾಲು ಚಾಚಿ ಬೀಸಿ ಸನ್ನೆ ಮಾಡುತ್ತದೆ. ಈ ಕುಲ ಇರುವುದು ಪಶ್ಚಿಮ ಘಟ್ಟದಲ್ಲಿ ಮಾತ್ರ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಯಾಕೆ ಬೇರೆಲ್ಲೂ ಇಲ್ಲ ಎಂದು ಕೇಳುವ ಮಗುವಿಗೆ, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್‌ನಿಂದ ಕಳಚಿಕೊಂಡು ತೇಲಿ ಬಂದ ಭೂಖಂಡದ ಕತೆ, ಈ ಘಟ್ಟಗಳಲ್ಲಿ ಒಂಟಿಯಾಗಿ ಕವಲೊಡೆದ ವಂಶಗಳ ಕತೆ ಹೇಳಬೇಕು. ಒಂಬತ್ತನೇ ಪಾಠ ಇಲ್ಲದೆ ಅದನ್ನು ಎಲ್ಲಿಂದ ಶುರು ಮಾಡುವುದು?

ಜೂನ್ 25, ಭಾನುವಾರ

ಮಳೆ ತಡವಾಗಿ ಹಿಡಿದಿದೆ. ಮೊಮ್ಮಗಳು ಶಾಲೆಗೆ ಹೋಗಿ ತಿಂಗಳಾಗುತ್ತ ಬಂತು.

ಕೇಂದ್ರ ಶಿಕ್ಷಣ ಸಚಿವರು ಈ ತಿಂಗಳು ಮಾತಾಡಿದ್ದಾರೆ. ಡಾರ್ವಿನ್ನನನ್ನು ಪೂರ್ತಿ ತೆಗೆದಿಲ್ಲ, ಹನ್ನೆರಡನೆಯದರಲ್ಲಿ ಇದ್ದೇ ಇದೆ ಎಂಬ ಅದೇ ಉತ್ತರ. ನಮ್ಮ ಹೊಸ ರಾಜ್ಯ ಸರ್ಕಾರ 15ರಂದು ಸಂಪುಟದಲ್ಲಿ ಪಠ್ಯ ಪರಿಷ್ಕರಣೆಗೆ ಒಪ್ಪಿಗೆ ಕೊಟ್ಟಿತು. ಅದು ಕನ್ನಡ ಮತ್ತು ಸಮಾಜ ವಿಜ್ಞಾನದ ಪಾಠಗಳದ್ದು. ನಮ್ಮ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ಎನ್‌ಸಿಇಆರ್‌ಟಿ ಪುಸ್ತಕದ ಕನ್ನಡ ರೂಪ. ಮೂಲದಲ್ಲಿ ಕತ್ತರಿ ಬಿದ್ದದ್ದು ಇಲ್ಲಿಗೂ ಇಳಿದೀತೆಂಬ ಭಯ ನನಗಿದೆ. ಆ ಪಾಠ ನಮ್ಮಲ್ಲಿ ಹಾಗೇ ಇರಲಿ ಎಂದು ಶಿಕ್ಷಣ ಸಚಿವರಿಗೆ ಒಂದು ಕಾಗದ ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹಾಕಿದೆ.

ರಾತ್ರಿ ಅಮೆರಿಕದ ಸ್ಕೋಪ್ಸ್ ಮೊಕದ್ದಮೆಯ ಬಗ್ಗೆ ಮತ್ತೆ ಓದಿದೆ. ಸರ್ಕಾರಿ ಶಾಲೆಯಲ್ಲಿ ಮಾನವ ವಿಕಾಸ ಕಲಿಸಬಾರದೆಂದು ಟೆನೆಸಿ ರಾಜ್ಯ 1925ರಲ್ಲಿ ಕಾನೂನು ಮಾಡಿತು. ಡೇಟನ್ ಎಂಬ ಸಣ್ಣ ಊರಿನ ಮೇಷ್ಟ್ರು ಜಾನ್ ಸ್ಕೋಪ್ಸ್ ಅವರ ಮೇಲೆ ಆ ಜುಲೈಯಲ್ಲಿ ವಿಚಾರಣೆ ನಡೆದು 100 ಡಾಲರ್ ದಂಡ ಬಿತ್ತು. ಎಲ್ಲರೂ ನೆನಪಿಟ್ಟುಕೊಂಡಿರುವುದು ವಕೀಲರ ವಾಗ್ವಾದವನ್ನು. ನನ್ನನ್ನು ಕಾಡಿದ್ದು ಆಮೇಲೆ ನಡೆದದ್ದು. ದಂಡವೇನೋ 1927ರಲ್ಲಿ ತಾಂತ್ರಿಕ ಕಾರಣಕ್ಕೆ ರದ್ದಾಯಿತು. ಕಾನೂನು 1967ರವರೆಗೂ ಉಳಿಯಿತು. ಅಷ್ಟರಲ್ಲಿ ಪುಸ್ತಕ ಪ್ರಕಾಶಕರು, ಯಾಕೆ ಬೇಕು ಗಲಾಟೆ ಎಂದು, ಆ ಪುಟಗಳನ್ನು ಸದ್ದಿಲ್ಲದೆ ಇಳಿಸಿದರು. ರಷ್ಯಾ ಸ್ಪುಟ್ನಿಕ್ ಹಾರಿಸಿದ ಮೇಲೆ, 1960ರ ದಶಕದಲ್ಲಿ ವಿಜ್ಞಾನಿಗಳೇ ಕೂತು ಹೊಸ ಜೀವಶಾಸ್ತ್ರ ಪುಸ್ತಕ ಬರೆಯುವವರೆಗೆ ಅಲ್ಲಿನ ಬಹಳಷ್ಟು ಮಕ್ಕಳು ಡಾರ್ವಿನ್ನನನ್ನು ಸರಿಯಾಗಿ ಓದಲೇ ಇಲ್ಲ. ಸ್ಕೋಪ್ಸ್ ಪಾಠ ಮಾಡಿದ ಪುಸ್ತಕದಲ್ಲಿ ಜನಾಂಗಗಳನ್ನು ಮೇಲುಕೀಳು ಎಂದು ಶ್ರೇಣಿ ಹಚ್ಚುವ ದುಷ್ಟ ಪುಟಗಳೂ ಇದ್ದವು ಎನ್ನುವುದನ್ನು ಮರೆಯಬಾರದು. ಅವು ಹೋಗಲೇಬೇಕಿತ್ತು. ಅವನ್ನು ತಪ್ಪೆಂದು ತೋರಿಸಿದ್ದು ಕೂಡ ವಿಜ್ಞಾನವೇ.

ನಮ್ಮಲ್ಲಿ ಕಾನೂನೂ ಇಲ್ಲ, ಕೋರ್ಟೂ ಇಲ್ಲ, ಯಾವ ಮೇಷ್ಟ್ರಿಗೂ ದಂಡ ಹಾಕಿಲ್ಲ. ಹಾಳೆ ಮಾತ್ರ ಕಡಿಮೆಯಾಗಿದೆ. ಕೋರ್ಟಿನಲ್ಲಿ ನಡೆದ ಜಗಳವನ್ನು ಜನ ನೂರು ವರ್ಷ ನೆನಪಿಡುತ್ತಾರೆ. ಇಲ್ಲದ ಹಾಳೆಯನ್ನು ನೆನಪಿಡುವವರು ಯಾರು? ಮುಂದಿನ ವರ್ಷದ ಮಗುವಿಗೆ ಅಲ್ಲಿ ಒಂದು ಪಾಠ ಇತ್ತೆಂದೇ ತಿಳಿಯುವುದಿಲ್ಲ. ನನಗೆ ಹೆಚ್ಚು ಹೆದರಿಕೆ ಇದರದ್ದೇ.

ಜುಲೈ 23, ಭಾನುವಾರ

ವಾರದಿಂದ ಬಿಡದೆ ಮಳೆ. ಭದ್ರೆ ಕೆಂಪಾಗಿ ಹರಿಯುತ್ತಿದೆ. ಕರೆಂಟ್ ಬಂದು ಹೋಗಿ ಮಾಡುತ್ತಿದೆ.

ಮೊಮ್ಮಗಳ ಫೋನ್. ಅವರ ವಿಜ್ಞಾನದ ಟೀಚರ್ ಅನುವಂಶೀಯತೆ ಪಾಠ ಮುಗಿಸಿದರಂತೆ. ಇವಳು ಎದ್ದು ನಿಂತು, ಮಿಸ್, ಒಂದು ಗಿಡದ ಗುಣ ಮಕ್ಕಳಿಗೆ ಹೋಗುತ್ತದೆ ಸರಿ, ಆದರೆ ಇಡೀ ತಳಿಯೇ ಬದಲಾಗುವುದು ಹೇಗೆ ಎಂದು ಕೇಳಿದಳಂತೆ. ಟೀಚರ್ ಗದರಿಸಲಿಲ್ಲ. ಸಿಲೆಬಸ್‌ನಲ್ಲಿ ಇಲ್ಲ, ಆದರೂ ಶನಿವಾರ ಕೊನೆಯ ಪೀರಿಯಡ್‌ನಲ್ಲಿ ಹೇಳುತ್ತೇನೆ ಎಂದು, ನಿನ್ನೆ ಹೇಳಿದರಂತೆ. ಆ ಹೆಣ್ಣುಮಗಳಿಗೆ ಒಳ್ಳೆಯದಾಗಲಿ. ಆದರೆ ಪರೀಕ್ಷೆಗೆ ಬಾರದ್ದನ್ನು ಕಲಿಸಲು ಮನಸ್ಸು, ಸಮಯ, ಧೈರ್ಯ ಮೂರೂ ಇರುವ ಶಿಕ್ಷಕರು ಎಷ್ಟು ಶಾಲೆಗಳಲ್ಲಿ ಸಿಗುತ್ತಾರೆ? ದೇಶದ ಪಾಠವನ್ನು ಒಬ್ಬೊಬ್ಬರ ಒಳ್ಳೆಯತನಕ್ಕೆ ಬಿಡಬಾರದು.

“ಅಜ್ಜ, ಹಾಗಾದರೆ ತುಕ್ಕೇ ಯಾವಾಗಲೂ ಗೆಲ್ಲುವುದಾ?” ಎಂದು ಕೇಳಿದಳು. ಇಲ್ಲ ಎಂದೆ. ಒಂದೇ ಬೀಗ ಹಾಕಿದರೆ ಅದಕ್ಕೆ ಕೀಲಿ ಎಂದಾದರೂ ಹುಟ್ಟುತ್ತದೆ. ಬೇರೆ ಬೇರೆ ರೋಗನಿರೋಧಕ ಜೀನುಗಳನ್ನು ಒಂದೇ ಗಿಡದಲ್ಲಿ ಕೂಡಿಸಿದರೆ ಅಷ್ಟೂ ಕೀಲಿ ಒಂದೇ ಕಣದಲ್ಲಿ ಒಟ್ಟಿಗೆ ಹುಟ್ಟುವುದು ಅಪರೂಪ. ತಳಿ ವಿಜ್ಞಾನಿಗಳು ಈಗ ಮಾಡುತ್ತಿರುವುದು ಅದನ್ನೇ. “ಅದಕ್ಕೆ ಏನು ಓದಬೇಕು?” ಎಂದಳು. ಬಯಾಲಜಿ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಸಿಎ ಮಾಡಿಕೊಂಡೇ ಓದ್ತೇನೆ” ಎಂದಳು.

ಮಧ್ಯಾಹ್ನ ಊರಿನ ಹೈಸ್ಕೂಲಿನ ಕೆಲವು ಮಕ್ಕಳು ಬಂದಿದ್ದರು. ಮುಂದಿನ ಭಾನುವಾರದಿಂದ ನಮ್ಮ ಜಗಲಿಯಲ್ಲಿ ಪಾಠ ಎಂದು ಮಾತಾಗಿದೆ. ಮೊದಲು ಎಲೆತುಕ್ಕು ಮತ್ತು ಬಾಳೆಹೊನ್ನೂರಿನ ಕತೆ. ಆಮೇಲೆ ಹಳೆಯ ಪುಸ್ತಕದ ಜೀರುಂಡೆಗಳು, ಕಾಡುಕೋಸಿನಿಂದ ಹೂಕೋಸು, ನವಿಲುಕೋಸು ಬಂದದ್ದು. ಮಂಗನ ಪ್ರಶ್ನೆ ಬಂದೇ ಬರುತ್ತದೆ. ಮಂಗ ನಮ್ಮ ಅಜ್ಜನಲ್ಲ, ದೂರದ ದಾಯಾದಿ. ಹತ್ತಿರದ ದಾಯಾದಿ ಚಿಂಪಾಂಜಿ, ಅದರೊಂದಿಗೂ ನಮ್ಮ ಮನೆ ಪಾಲಾಗಿ 60-70 ಲಕ್ಷ ವರ್ಷ ಆಗಿದೆ. ಮರದ ಚಿತ್ರ ದೊಡ್ಡದಾಗಿ ಬರೆದಿಟ್ಟುಕೊಳ್ಳಬೇಕು. ಭಟ್ಟರು ತಾವೂ ಬಂದು ಕೂರುತ್ತೇನೆ ಎಂದಿದ್ದಾರೆ, ಪ್ರಶ್ನೆ ಕೇಳಲಿಕ್ಕೆ ಇದೆಯಂತೆ. ಹಳೆಯ ಪ್ರತಿಯ ಆ ಪುಟಗಳನ್ನು ನಾಳೆ ಕಳಸಕ್ಕೆ ಹೋದಾಗ ಜೆರಾಕ್ಸ್ ಮಾಡಿಸಬೇಕು. ಒಬ್ಬೊಬ್ಬರಿಗೆ ಒಂದೊಂದು ಸೆಟ್.